ಚಮಚ ಚಮಚವಾಗಿ ಕುಡಿಸಿದ ನೀರು

ಮಗನಿಗೆಂದು ಓಆರ್‌ಎಸ್ ಪೊಟ್ಟಣ ಹರಿದರೆ ಸಾಕು, ಅದರ ಕಿತ್ತಳೆ ವಾಸನೆ ನನ್ನನ್ನು ಈಗಲೂ ಕಂಪ್ಲಿಯ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಅವ್ವ ಭತ್ತದ ನಾಟಿಗೆ ಹೋಗಿದ್ದಳು. ಒಂದೂವರೆ ವರ್ಷದ ತಂಗಿಗೆ ಬೆಳಗಿನಿಂದ ನೀರಿನಂತೆ ಭೇದಿಯಾಗಿ ಕಣ್ಣು ಗುಳಿಬಿದ್ದಿದ್ದವು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ, ಬೆಳಗಿನಿಂದ ಉಚ್ಚೆಯನ್ನೂ ಹೊಯ್ದಿರಲಿಲ್ಲ. ನಾನು ಓಡಿಹೋಗಿ ಓಣಿಯ ಆಶಾ ಕಾರ್ಯಕರ್ತೆ ಹುಲಿಗೆಮ್ಮಕ್ಕನನ್ನು ಕರೆತಂದೆ.

"ನೀರು ಕೊಡಬ್ಯಾಡ, ಇನ್ನೂ ಜಾಸ್ತಿ ಆಗತೈತಿ," ಎಂದಳು ಅಜ್ಜಿ.

"ಮೈಯಾಗಿಂದ ಹೊಂಟಿದ್ದು ನೀರ ಅಲ್ಲೇನ್ರಿ ಅಮ್ಮ? ಅದನ್ನ ತುಂಬಬೇಕ್ರಿ," ಎಂದಳು ಹುಲಿಗೆಮ್ಮಕ್ಕ.

ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಸುರಿದು ಕದಡಿದಳು. ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚದಿಂದ ಕುಡಿಸತೊಡಗಿದಳು. ಸ್ವಲ್ಪ ಹೊತ್ತಿಗೇ ಮಗು ವಾಂತಿ ಮಾಡಿತು. ಅಜ್ಜಿ ಚಮಚ ಕಸಿಯಲು ಕೈಚಾಚಿದಳು.

"ಹತ್ತು ನಿಮಿಷ ತಡೀರಿ, ಮತ್ತ ನಿಧಾನಕ್ಕ ಕೊಡೋಣ. ಕುಡೀಲಿಲ್ಲಂದ್ರ ದವಾಖಾನಿಗೆ ಹೋಗಾಕ ಆಟೋಕ್ಕ ಹೇಳೀನಿ." ಹುಲಿಗೆಮ್ಮಕ್ಕನ ದನಿ ಏರಲೇ ಇಲ್ಲ.

ತಂಗಿ ಮತ್ತೆ ಕುಡಿದಳು. ಬಾಗಿಲಲ್ಲಿದ್ದ ಬಿಸಿಲು ಗೋಡೆ ಏರುವವರೆಗೂ ಹುಲಿಗೆಮ್ಮಕ್ಕ ಕುಳಿತಲ್ಲಿಂದ ಏಳಲಿಲ್ಲ. ಆಮೇಲೆ ತಂಗಿ ಅವಳ ಸೀರೆಯ ಮೇಲೆಯೇ ಉಚ್ಚೆ ಹೊಯ್ದಳು. ಅಜ್ಜಿ ನಾಚಿಕೊಂಡು ಬಟ್ಟೆಗಾಗಿ ತಡಕಾಡಿದಳು.

ಹುಲಿಗೆಮ್ಮಕ್ಕ ನಕ್ಕಳು. "ಇರ್ಲಿ ಬಿಡ್ರಿ ಅಮ್ಮ. ಬಂದಾಗಿಂದ ಇದನ್ನ ಕಾಯಾಕತ್ತಿದ್ದೆ."