ಹದಿನೇಳನೇ ಲೋಟ

ಬೆಳಗಿನ ಗಂಟೆ ಬಾರಿಸಲು ಇನ್ನೂ ಅರ್ಧ ತಾಸು ಇತ್ತು. ಮೂರನೇ ತರಗತಿಯ ಟೀಚರ್ ಬಾಗಿಲು ಮುಂದೆ ಮಾಡಿಕೊಂಡು, ಕಿಟಕಿಯ ಕಟ್ಟೆಯ ಮೇಲಿದ್ದ ಮೂವತ್ತೆರಡು ಕಾಗದದ ಲೋಟಗಳಿಂದ ಒದ್ದೆ ಹತ್ತಿಯನ್ನು ಕಿತ್ತು ಕಸದ ಬುಟ್ಟಿಗೆ ತುಂಬಿದರು. ಹತ್ತಿಯೊಳಗಿನ ಕಾಳುಗಳು ಕೊಳೆತು ನಾರುತ್ತಿದ್ದವು. ಮಕ್ಕಳು ಪ್ರೀತಿಯಿಂದ ದಿನಕ್ಕೆ ಆರು ಸಲ ನೀರು ಹೊಯ್ದರೆ ಯಾವ ಕಾಳು ತಾನೇ ಉಳಿದೀತು? ಮೂಗು ಮುಚ್ಚಿಕೊಂಡೇ ಟೀಚರ್ ಹೊಸ ಹತ್ತಿ ಹಾಸಿ, ಮನೆಯಲ್ಲಿ ಮೊಳಕೆ ಬರಿಸಿ ತಂದಿದ್ದ ಕಾಳುಗಳನ್ನು ಲೋಟಕ್ಕೊಂದರಂತೆ ಕೂರಿಸಿದರು.

ಅಂದು ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವರು ಒಳ್ಳೆಯದು ಬರೆದರೆ ಟೀಚರ್ ಅವರ ನಾಲ್ಕು ವರ್ಷದ ತಾತ್ಕಾಲಿಕ ನೌಕರಿ ಕಾಯಂ. ಇಲ್ಲವಾದರೆ ರಜೆ ಮುಗಿದ ಮೇಲೆ ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೆಡ್‌ಮಿಸ್ ನಗುನಗುತ್ತಲೇ ಹೇಳಿದ್ದರು. ಪಾಠದ ಹೆಸರು ‘ಮಾಡಿ ನೋಡಿ ಕಲಿ’. ಮಾಡುವುದನ್ನು ಟೀಚರ್ ಮಾಡಿ ಮುಗಿಸಿದ್ದರು. ಮಕ್ಕಳು ನೋಡಿದರೆ ಸಾಕಿತ್ತು.

ಮಕ್ಕಳು ಬಂದು ಕಿಟಕಿಗೆ ಮುತ್ತಿದರು.

“ಮಿಸ್, ನಂದು ಹುಟ್ಟಿದೆ.”

“ನಂದು ನಿಂದಕ್ಕಿಂತ ಉದ್ದ.”

“ನಿಂದು ಸೊಟ್ಟ ಕಣೋ, ನಿನ್ ಹಾಗೇ.”

ಹದಿನೇಳನೇ ಲೋಟದ ಒಡತಿ ಮಾತ್ರ ಬೆಂಚಿನ ಹಿಂದೆ ನಿಂತಿದ್ದಳು. ವಾರದಿಂದ ಅಂಗಿಯ ಎರಡನೇ ಗುಂಡಿಯ ಜಾಗಕ್ಕೆ ಸೇಫ್ಟಿ ಪಿನ್ ಚುಚ್ಚಿಕೊಂಡು ಬರುತ್ತಿದ್ದ ಅವಳಿಗೆ ತರಗತಿ ಪಿನ್ನಮ್ಮ ಎಂದು ಹೆಸರಿಟ್ಟಿತ್ತು. ಗುಂಡಿ ಎಲ್ಲಿ ಹೋಯಿತೆಂದು ಟೀಚರ್ ದಿನಾ ಕೇಳುತ್ತಿದ್ದರು. ಅವಳು ದಿನಾ ಉಗುರು ಕಚ್ಚುತ್ತಿದ್ದಳು.

ಸಾಹೇಬರು ಬಂದರು. ಕನ್ನಡಕ ಹಣೆಗೇರಿಸಿ ಲೋಟಗಳೊಳಗೆ ಇಣುಕಿದರು. “ಪರವಾಗಿಲ್ವೇ, ಒಂದೂ ಕೆಟ್ಟಿಲ್ಲ. ನಮ್ಮನೇಲಿ ಹಾಕಿದ್ರೆ ಅರ್ಧ ಹೋಗುತ್ತೆ.”

“ಎಲ್ಲಾ ಮಕ್ಕಳದ್ದೇ ಶ್ರಮ ಸರ್. ನಾನು ಕೈ ಕೂಡ ಹಾಕಿಲ್ಲ.”

ಸಾಹೇಬರ ಕೈ ಹದಿನೇಳನೇ ಲೋಟಕ್ಕೇ ಹೋಗಬೇಕೆ? “ಇದು ಯಾರದಮ್ಮ? ಏನು ಹಾಕಿದ್ದೆ ಇದ್ರಲ್ಲಿ?”

ಪಿನ್ನಮ್ಮ ಟೀಚರ್ ಮುಖ ನೋಡಿದಳು. ಸುಳ್ಳು ಹೇಳಬಾರದು ಎಂಬ ಪಾಠ ಹಿಂದಿನ ವಾರವಷ್ಟೇ ಮುಗಿದಿತ್ತು. ಅದರಲ್ಲಿ ಅವಳಿಗೆ ಹತ್ತಕ್ಕೆ ಹತ್ತು.

“ಗುಂಡಿ, ಸರ್.”

“ಏನು?”

“ಅಂಗಿ ಗುಂಡಿ. ಮಿಸ್ ಕೊಟ್ಟ ಕಾಳು ಬಾಯಲ್ಲಿ ಇಟ್ಕೊಂಡಿದ್ದೆ, ಹಾಗೇ ಒಳಗೆ ಹೋಯ್ತು. ಬೈತಾರೆ ಅಂತ ಗುಂಡಿ ಕಿತ್ತು ಹತ್ತಿ ಒಳಗೆ ಇಟ್ಟೆ.” ಒಂದು ಕ್ಷಣ ಬಿಟ್ಟು, “ಅದೂ ಹುಟ್ಟುತ್ತೆ ಅಂತ ಗೊತ್ತಿರ್ಲಿಲ್ಲ ಸರ್” ಎಂದಳು.

ಕುಂಬಳಕಾಯಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ. ಟೀಚರ್ ಕಣ್ಣು ಆಗಲೇ ಕಸದ ಬುಟ್ಟಿಗೆ ಹೋಗಿ ಬಂದಿತ್ತು.

“ಮಿಸ್,” ಪಿನ್ನಮ್ಮ ಮೆಲ್ಲಗೆ ಕೇಳಿದಳು, “ಗುಂಡಿ ನಿಜವಾಗ್ಲೂ ಮೊಳಕೆ ಬರುತ್ತಾ?”

ಇಲ್ಲ ಎಂದರೆ, ಹಾಗಾದರೆ ಇದೆಲ್ಲಿಂದ ಬಂತು ಎಂದು ಸಾಹೇಬರು ಕೇಳುತ್ತಾರೆ. ಹೌದು ಎಂದರೆ ಮೂವತ್ತೆರಡು ಮಕ್ಕಳು ನಂಬುತ್ತಾರೆ, ಅಷ್ಟೇ. ಟೀಚರ್ ಲೆಕ್ಕದಲ್ಲಿ ಯಾವಾಗಲೂ ಗಟ್ಟಿ.

“ಬರುತ್ತೆ ಪುಟ್ಟಾ. ಶ್ರದ್ಧೆಯಿಂದ ನೀರು ಹಾಕಿದ್ರೆ ಏನು ಬೇಕಾದ್ರೂ ಬರುತ್ತೆ.”

ಸಾಹೇಬರು ಮೊಳಕೆಯನ್ನು ನೋಡಿದರು, ಟೀಚರನ್ನು ನೋಡಿದರು, ಕೊನೆಗೆ ಕೈಗಡಿಯಾರ ನೋಡಿದರು. ಊಟಕ್ಕೆ ಮುಂಚೆ ಇನ್ನೆರಡು ಶಾಲೆ ಬಾಕಿಯಿತ್ತು. ‘ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ: ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದರು. ಬಾಗಿಲಲ್ಲಿ ಹೆಡ್‌ಮಿಸ್ ಟೀಚರ್ ಅವರ ಕೈ ಕುಲುಕಿದರು.

ಮರುದಿನ ಟೀಚರ್ ಹೊಸ ಸೀರೆಯುಟ್ಟು ಬಂದು ಹಾಜರಿ ಪುಸ್ತಕ ತೆರೆದರು. ಒಂದನೇ ನಂಬರು ಎದ್ದು ನಿಂತಾಗ ಅವನ ಅಂಗಿಯಲ್ಲಿ ಎರಡನೇ ಗುಂಡಿ ಇರಲಿಲ್ಲ. ಎರಡನೆಯವನದೂ ಇರಲಿಲ್ಲ. ಮೂರನೆಯವಳದೂ. ಕಿಟಕಿಯ ಕಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಲೋಟಗಳಲ್ಲಿದ್ದ ಮೊಳಕೆಗಳನ್ನೆಲ್ಲ ಕಿತ್ತು ಪಕ್ಕಕ್ಕೆ ರಾಶಿ ಹಾಕಲಾಗಿತ್ತು.

ಹದಿನೇಳನೆಯವಳು ಎದ್ದು ನಿಂತಳು. ಅವಳ ಅಂಗಿಗೆ ಎರಡು ಪಿನ್ನುಗಳಿದ್ದವು.