ಫೈನಲ್‌ನ ಹಿಂದಿನ ದಿನ

ಬಯಲಿನ ಕಲ್ಲು ಆರಿಸಿ, ಹುಡುಗಿಯರಿಗೆ ಒಂಬತ್ತು ವರ್ಷ ಫುಟ್‌ಬಾಲ್ ಕಲಿಸಿದ ಈರಪ್ಪ ಮಾಸ್ತರರ ಹೈಸ್ಕೂಲು ತಂಡ ಮೊದಲ ಬಾರಿಗೆ ರಾಜ್ಯಮಟ್ಟದ ಫೈನಲ್ ತಲುಪಿತ್ತು. ಪಂದ್ಯದ ಹಿಂದಿನ ದಿನ ಕ್ರೀಡಾ ಅಧಿಕಾರಿ ಅವರನ್ನೂ ಕ್ಯಾಪ್ಟನ್ ಕಸ್ತೂರಿಯನ್ನೂ ಕರೆಸಿದರು.

“ಈಕಿ ವಯಸ್ಸು ಎರಡು ವರ್ಷ ಕಡಿಮಿ ತೋರಿಸ್ಯಾರಂತ ಅರ್ಜಿ ಬಂದೈತಿ.”

“ತಾರೀಖು ನಾನ ತಿದ್ದೀನ್ರಿ,” ಕಸ್ತೂರಿ ಅಳತೊಡಗಿದಳು. “ಮಾಸ್ತರಿಗೆ ಗೊತ್ತಿಲ್ರಿ.”

ಅಧಿಕಾರಿಯ ಮನಸ್ಸು ಕರಗಿತು. ಎದ್ದು ಬಾಗಿಲು ಮುಂದೆ ಮಾಡಿದರು.

“ಮಾಸ್ತರ, ಅರ್ಜಿಗೆ ಸಹಿ ಇಲ್ಲ. ಇಂಥದಕ್ಕ ವಿಚಾರಣೆ ಮಾಡಂಗಿಲ್ಲ. ಹರದು ಒಗೀತೀನಿ, ನಾಳೆ ಆಡಸ್ರಿ.”

ಮಾಸ್ತರರು ಕಸ್ತೂರಿಯತ್ತ ನೋಡಲಿಲ್ಲ. ಅರ್ಜಿಯನ್ನು ತಮ್ಮತ್ತ ಎಳೆದುಕೊಂಡು ಕಿಸೆಯಿಂದ ಪೆನ್ನು ತೆಗೆದರು.

“ಬರಿಯುವಾಗ ಧೈರ್ಯ ಸಾಲಲಿಲ್ರಿ,” ಎಂದು ಕೆಳಗೆ ಸಹಿ ಹಾಕಿದರು.