ಬದು ಹಾಕಲು ಬಂದ ಟ್ರ್ಯಾಕ್ಟರ್

ಶಿರಾ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಗುರುಗುಟ್ಟುತ್ತಾ ಡೀಸೆಲ್ ಹೊಗೆ ಬಿಟ್ಟರೆ, ಈಗಲೂ ನನಗೆ ನಮ್ಮ ಹೊಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೂ ಚಿಕ್ಕಪ್ಪನಿಗೂ ಹೊಲ ಭಾಗವಾಗಿತ್ತು. ಇಬ್ಬರೂ ಮಾತು ಬಿಟ್ಟಿದ್ದರು. ನಡುವೆ ಬದು ಹಾಕಲು ಬಾಡಿಗೆ ಟ್ರ್ಯಾಕ್ಟರ್ ಬಂದಿತ್ತು. ಅಜ್ಜಿ ಮುದ್ದೆ, ಹುಳ್ಳಿಸಾರು ಹೊತ್ತು ತಂದಳು. ಡ್ರೈವರ್ ಇಂಜಿನ್ ನಿಲ್ಲಿಸದೆ ಊಟಕ್ಕೆ ಇಳಿದ.

"ಆಪ್ ಮಾಡ್ಲಾ," ಅಂದಳು ಅಜ್ಜಿ.

"ಬ್ಯಾಟ್ರಿ ವೀಕೈತೆ. ಆಪ್ ಮಾಡಿದ್ರೆ ತಳ್ಬೇಕಾಯ್ತದೆ. ಉಂಡೇಟ್ಗೆ ಹತ್ತೋದೇ ಅಲ್ವಾ, ಇರ್ಲಿ ಬುಡಜ್ಜಿ."

"ತಳ್ಳಾಕೆ ನನ್ ಮಕ್ಳು ಇಬ್ರವ್ರೆ. ಆಪ್ ಮಾಡು."

ಇಂಜಿನ್ ನಿಂತಿತು. ಅಣ್ಣತಮ್ಮ ಬೆನ್ನು ತಿರುಗಿಸಿ ಕೂತು ಸಾರು ಸೊರ್ರನೆ ಹೀರುವ ಸದ್ದೊಂದೇ ಉಳಿಯಿತು. ಉಂಡ ಮೇಲೆ ಇಬ್ಬರೂ ಇಳಿಜಾರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಟ್ರ್ಯಾಕ್ಟರ್ ತಳ್ಳಿದರು. "ಜೋರಾಗಿ ನೂಕಣ್ಣ," ಅಂದ ಚಿಕ್ಕಪ್ಪ. ಅಷ್ಟರಲ್ಲಿ ಅದು ಕಪ್ಪು ಹೊಗೆ ಉಗುಳಿ ಹೊರಟೇಬಿಟ್ಟಿತು.

ಅಜ್ಜಿ ಡೀಸೆಲ್ ಉಳಿಸಲು ಹೇಳಿದಳೆಂದುಕೊಂಡಿದ್ದೆ. ಹಾಗಾದರೆ ಟ್ರ್ಯಾಕ್ಟರ್ ಸ್ಟಾರ್ಟ್ ಆದಾಗ ಅವಳ ಮುಖ ಯಾಕೆ ಸಪ್ಪಗಾಯಿತೋ ನನಗೆ ತಿಳಿಯಲಿಲ್ಲ.

ಸಂಜೆ ಡ್ರೈವರ್ ಟೀಗೆ ಇಳಿದ. ಬದು ಇನ್ನೂ ಮುಗಿದಿರಲಿಲ್ಲ. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಅಜ್ಜಿ ಟೀ ಲೋಟವನ್ನು ಅವನ ಕೈಗೆ ಕೊಡದೆ ಹಿಂದಕ್ಕೆ ಹಿಡಿದಳು.

"ಮೊದ್ಲು ಆಪ್ ಮಾಡ್ಲಾ."